ಕಾಕಾ ಆರಿಸಿದ ನಳಿಕೆ

ಕಲ್ಯಾಣಪ್ಪ ಕಾಕಾನ ಹೊಳೆದಂಡೆಯ ಹೊಲಕ್ಕೆ ಹಂದಿ ಬಿದ್ದಿದ್ದವು. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿತ್ತು. ಭೀಮಾ ಹೊಳೆಯ ಕಡೆಯ ಅಂಚೆಲ್ಲ ಆಗಲೇ ನೆಲಕ್ಕೆ ಒರಗಿತ್ತು. ಮನೆಯ ವರ್ಷದ ರೊಟ್ಟಿ ಆ ಹೊಲದ್ದೇ. ಕಾಕಾನ ಹೆಂಡತಿ, ಚಿಗವ್ವ ಗೌರಾಬಾಯಿ, ದಿನಾ ಹೋಗಿ ನೋಡಿ ಬಂದು ಹಿಟ್ಟನ್ನು ಗುದ್ದಿ ಗುದ್ದಿ ನಾದುತ್ತಿದ್ದಳು.

ಅಂತೂ ಒಂದು ರೈಫಲ್ಲಿಗೆ ಪರವಾನಗಿ ಸಿಕ್ಕಿತು. ವ್ಯಾಪಾರಿ ಕರೀಮಸಾಬ ಎರಡನ್ನು ನಮ್ಮೂರು ಮಣ್ಣೂರಿಗೇ ತಂದು ತೋರಿಸಿದ. ಗುಂಡಿನ ತೋಟೆ ಎರಡಕ್ಕೂ ಒಂದೇ. ನಳಿಕೆ ಮಾತ್ರ ಒಂದರದು ಇಪ್ಪತ್ತೆರಡು ಇಂಚು, ಇನ್ನೊಂದರದು ಮೂವತ್ತು.

"ಇವತ್ತ ಇಲ್ಲೇ ಇರ್ತೇನಿ. ಮುಂಜಾನಿ ಒಂದು ಇಟ್ಕೋರಿ, ಒಂದು ವಾಪಸ್ ಕೊಡ್ರಿ," ಅಂದ.

"ಉದ್ದಂದು," ಅಂದ ಕಾಕಾ, ಮುಟ್ಟಿ ನೋಡುವ ಮೊದಲೇ.

ಹೈದರಾಬಾದಿನಲ್ಲಿ ಭೌತಶಾಸ್ತ್ರ ಓದಿ ಬಂದ ನಾನು ಸುಮ್ಮನಿರುವುದು ಹೇಗೆ? ಇದ್ದಿಲು ತಂದು ಅಂಗಳದ ಪರಸಿಗಲ್ಲಿನ ಮೇಲೆ ವಕ್ರರೇಖೆ ಬರೆದೆ. ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ದೂಡುತ್ತದೆ. ಗುಂಡು ಮುಂದೆ ಹೋದಂತೆ ಒತ್ತಡ ಇಳಿಯುತ್ತದೆ. ಕೊನೆಯ ಇಂಚುಗಳಿಂದ ಸಿಗುವ ವೇಗ ತೀರ ಸ್ವಲ್ಪ. ಹತ್ತಿರದಲ್ಲಿ ನಿಂತ ಹಂದಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಕಾವಲು ಅಟ್ಟದ ನಾಲ್ಕು ಕಂಬಗಳ ನಡುವೆ ಕೂತು ಬಂದೂಕು ತಿರುಗಿಸುವವನಿಗೆ ಮಾತ್ರ ಎಂಟು ಇಂಚು ಚೆನ್ನಾಗಿ ತಿಳಿಯುತ್ತದೆ.

ಕರೀಮಸಾಬ ಬಗ್ಗಿ ನೋಡಿದ. "ಹಾವು ಚಲೋ ತಗದೀರಿ."

"ಆತೇನು ತಮ್ಮಾ? ಉದ್ದಂದು," ಅಂದ ಕಾಕಾ.

ಸಂಜೆ ಅದನ್ನೇ ಹಿಡಿದು ಅಟ್ಟ ಹತ್ತಿದೆವು. ಬೆಳಕಿರುವಾಗಲೇ ಎಡಗಡೆ ಜೋಳ ಅಲುಗಿತು. ಕಾಕಾ ಗರಕ್ಕನೆ ತಿರುಗಿದ. ನಳಿಕೆಯ ತುದಿ ಕಂಬಕ್ಕೆ ಖಟ್ಟೆಂದು ಬಡಿಯಿತು. ಹಿಂಡು ಬೆಳೆಯೊಳಗಿಂದಲೇ ಓಡಿತು, ನಿಂತಿದ್ದ ಇನ್ನಷ್ಟು ದಂಟು ತುಳಿದು.

"ಈ ಕಂಬ ಸರಿ ಇಲ್ಲ."

"ಕಂಬ ಅಲ್ರಿ ಕಾಕಾ, ನಳಗಿ!"

"ನಿನ್ನ ಕಾಲೇಜಿನಾಗ ಕಂಬದ್ದು ಹೇಳಿಕೊಟ್ಟಿಲ್ಲೇನು?"

ಮುಂಜಾನೆ ಕರೀಮಸಾಬ ಬಂಡಿ ಹೂಡಿಸಿದ. ಕಾಕಾ ಮತ್ತೆ ಉದ್ದದ್ದಕ್ಕೇ ಕೈ ಚಾಚಿದ. ನನ್ನ ತಾಳ್ಮೆ ಮುಗಿದಿತ್ತು.

"ಯಾಕ ಅಂತ ಒಂದೇ ಒಂದು ಕಾರಣ ಹೇಳ್ರಿ!"

ಕಾಕಾ ಗಿಡ್ಡ ರೈಫಲ್ಲು ಎತ್ತಿಕೊಂಡು ನನ್ನನ್ನು ಪಡಸಾಲೆಗೆ ಕರೆದೊಯ್ದ. ಬಾಗಿಲ ಮೇಲೆ ಎರಡು ಸಾಗವಾನಿ ಗೂಟಗಳಿದ್ದವು. ಅಜ್ಜನ ಹಳೆಯ ಬಂದೂಕು ತೂಗುತ್ತಿದ್ದ ಜಾಗ. ರೈಫಲ್ಲಿನ ಹಿಡಿಯನ್ನು ಒಂದು ಗೂಟದ ಮೇಲಿಟ್ಟ. ತುದಿ ಇನ್ನೊಂದು ಗೂಟಕ್ಕೆ ಎರಡು ಬೆರಳು ಸಾಲದೆ ಗಾಳಿಯಲ್ಲಿ ನಿಂತಿತು.

"ಈಗ ತಿಳೀತು?" ಅಂದ, ಮಂದ ವಿದ್ಯಾರ್ಥಿಯೊಡನೆ ಆಡುವಂತೆ.

ಒತ್ತಡ, ವೇಗ, ಕಂಬ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ಒಳಗಿಂದ ಚಿಗವ್ವ ಒನಕೆ ಹಿಡಿದು ಬಂದಳು. ಅಡ್ಡ ಎರಡು ಏಟು ಹಾಕಿ ಒಂದು ಗೂಟ ಕಿತ್ತಳು, ಒಂದು ಗೇಣು ಈಚೆಗೆ ಮಣ್ಣಿನ ಗೋಡೆಗೆ ಬಡಿದಳು.

"ಏ, ನಮ್ಮಪ್ಪ ಬಡದ ಗೂಟ ಅದು!"

"ಮಾವನೋರು ಗೂಟ ನೋಡಿ ಬಂದೂಕು ತಂದಿದ್ರೇನ್ರಿ?"

ಹೊರಗೆ ಕರೀಮಸಾಬ ಯಾರನ್ನೂ ಕೇಳದೆ ಉದ್ದದ್ದನ್ನು ಕಂಬಳಿಯಲ್ಲಿ ಸುತ್ತತೊಡಗಿದ. ಕಾಕಾ ಗಿಡ್ಡದ್ದನ್ನು ಗೂಟಕ್ಕೇರಿಸಿ, ಹಿಂದೆ ಸರಿದು, ಕತ್ತು ಓರೆ ಮಾಡಿ ನೋಡಿದ.

"ತುಸು ಎಡಕ್ಕ ವಾಲ್ಯದ."

ವಾಲಿತ್ತು.

"ವಾಲಲಿ ಬಿಡ್ರಿ," ಅಂದಳು ಚಿಗವ್ವ, ಕೈಯ ಮಣ್ಣು ಕೊಡವುತ್ತ. "ಸಂಜೀಕ ಅದು ಗ್ವಾಡಿ ಮ್ಯಾಲ ಇರಂಗಿಲ್ಲ, ಅಟ್ಟದ ಮ್ಯಾಲ ಇರ್ತದ. ನೀವೂ ಅಷ್ಟ."