ಶಿಗೆಯೊಳ ಕಿಟಕಿ ಸೀಟು

ನನ್ನ ಗಂಡ ಟೊಕುಜಿ ಹೊಸ ರೈಲಿಗೆ ಮೂರು ಟಿಕೆಟ್ ತಂದಿದ್ದರು. ಒಂದು ಅವರಿಗೆ, ಒಂದು ನನಗೆ, ಇನ್ನೊಂದು ಶಿಗೆಯೊಗೆ. ಶಿಗೆಯೊ ಅವರ ಮೊದಲ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು.

ಅವಳು ಕಾಯಿಲೆ ಬಿದ್ದು ಮಲಗಿದ್ದಾಗ ಶಿನಗಾವಾದ ಮನೆಯ ಹಿಂದೆಯೇ ಈ ರೈಲಿಗೆ ಹಳಿ ಹಾಕುತ್ತಿದ್ದರಂತೆ. "ಇದು ಓಡಕ್ಕೆ ಶುರುವಾದ್ಮೇಲೆ ಫುಜಿ ನೋಡ್ಕೊಂಡು ಕ್ಯೋಟೊಗೆ ಹೋಗೋಣ ರೀ" ಎಂದಿದ್ದಳಂತೆ. ಹಳಿ ಮುಗಿಯುವ ಮೊದಲೇ ಅವಳು ಮುಗಿದಳು. ದಹನವಾದ ಮೇಲೆ ಆರಿಸಿಟ್ಟ ಗಂಟಲ ಮೂಳೆ, ಕೂತ ಬುದ್ಧನ ಹಾಗಿರುವುದು, ಅದನ್ನು ಕ್ಯೋಟೊದ ಮೂಲಮಠಕ್ಕೆ ಒಪ್ಪಿಸುವುದು ನಮ್ಮವರ ಪದ್ಧತಿ. ನಾವು ಹೊರಟಿದ್ದು ಅದಕ್ಕೇ.

ಫುಜಿ ಕಾಣುವುದು ಬಲಗಡೆಗೆ. ಆ ಕಡೆ ಸಾಲಿಗೆ ಎರಡೇ ಸೀಟು. ಕಿಟಕಿಯ ಸೀಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ಪುಟ್ಟ ಪೆಟ್ಟಿಗೆ, ಅದರ ಪಕ್ಕ ಅವರು. ನಡುವೆ ಓಡಾಡುವ ದಾರಿ. ದಾರಿಯ ಈಚೆಗೆ ನಾನು.

ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ನಾನು ಈ ರೈಲನ್ನು ದಿನವೂ ನೋಡುತ್ತಿದ್ದೆ. ಬಿಳಿ ಮೈ, ನೀಲಿ ಪಟ್ಟಿ. ಕಣ್ಣು ಮಿಟುಕಿಸುವುದರೊಳಗೆ ಮಾಯ. ಒಂದು ದಿನ ಅದರಲ್ಲಿ ಗಂಡನ ಪಕ್ಕ ಕೂರಬೇಕು ಅನ್ನಿಸುತ್ತಿತ್ತು. ಈಗ ಕೂತಿದ್ದೆ. ಪಕ್ಕದಲ್ಲಿ ಮಾತ್ರ ಅಲ್ಲ.

"ರೀ, ಪೆಟ್ಟಿಗೇನ ತೊಡೆ ಮೇಲೆ ಇಟ್ಕೋಬಹುದಲ್ವಾ?"

"ಪಾಪ, ಅವಳಿಗೆ ತುಂಬಾ ಆಸೆ ಇತ್ತು ಕಣೆ."

"ನಂಗಿಲ್ವಾ?"

"ನೀನು ಗಟ್ಟಿಮುಟ್ಟಾಗಿದ್ದೀಯಲ್ಲ. ಇನ್ನೊಂದ್ಸಲ ಬಂದ್ರಾಯ್ತು."

ಬದುಕಿರುವುದೇ ನನ್ನ ತಪ್ಪು ಅನ್ನುವ ಹಾಗೆ.

ರೈಲು ಹೊರಟಿದ್ದೇ ಗೊತ್ತಾಗಲಿಲ್ಲ. ಚಾವಣಿಗಳು, ಚಿಮಣಿಗಳು, ಬಿಸಿಲಿಗೆ ಹರವಿದ ಹಾಸಿಗೆಗಳು ಹಿಂದಕ್ಕೆ ಹಾರಿಹೋದವು. ಸುರಂಗ ಹೊಕ್ಕಾಗ ಕಿವಿ ಗಪ್ಪೆಂದಿತು. ಹಳೆಯ ರೈಲಿನಲ್ಲಾದರೆ ಚಕ್ರದ ತಾಳಕ್ಕೆ 'ನಮು ಅಮಿದಾ ಬುತ್ಸು' ಎಂದು ಬುದ್ಧನ ನಾಮ ಹೇಳಿಕೊಂಡು ಕೂರುತ್ತಿದ್ದೆ. ಚಿಕ್ಕಂದಿನಿಂದ ಅಪ್ಪನ ಬೆಳಗಿನ ಪಠಣ ಕೇಳಿ ಬೆಳೆದ ನಾಲಗೆ ಇದು. ಈ ರೈಲಿಗೆ ತಾಳವೇ ಇಲ್ಲ. ನಾಮ ಶುರುಮಾಡಿದರೂ ಕಣ್ಣು ಮತ್ತೆ ಮತ್ತೆ ಆ ಬಿಳಿ ಗಂಟಿನ ಕಡೆಗೇ ಹೋಗುತ್ತಿತ್ತು.

ಚಹಾ ಮಾರುವ ಹುಡುಗಿ ಬಂದಳು. ಅವರು ಮೊದಲ ಲೋಟ ಬಗ್ಗಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ತಮಗೆ. ಉಳಿದದ್ದನ್ನು ದಾರಿಯಾಚೆಯಿಂದ ನನಗೆ ಚಾಚಿದರು. ಮನೆಯಲ್ಲೂ ಹೀಗೆಯೇ. ಅನ್ನದ ಮೊದಲ ಬಟ್ಟಲು ಪೂಜಾಗೂಡಿಗೆ. ಬುದ್ಧನಿಗೆ ಎಂದು ಹೆಸರು, ಕೈಮುಗಿದವರ ಕಣ್ಣು ಹೋಗುವುದು ಪಕ್ಕದ ಶಿಗೆಯೊಳ ಫೋಟೊಕ್ಕೆ. ಬೇಯಿಸುವವಳು ನಾನು. ಸವತಿ ಬೂದಿಯಾದರೂ ಸವತಿಯೇ.

ನನ್ನ ಪಕ್ಕದಲ್ಲಿದ್ದ ಅಜ್ಜಿ ಇದೆಲ್ಲವನ್ನೂ ನೋಡುತ್ತಿದ್ದಳು. ಮೆಲ್ಲಗೆ ನನ್ನ ಕಡೆ ವಾಲಿ, ಆ ಗಂಟಿನಲ್ಲಿರುವುದು ಯಾರೆಂದು ಕೇಳಿದಳು. ಅವರ ಹೆಂಡತಿ, ಎಂದೆ.

"ನಿಮ್ಮಣ್ಣ ದೇವರಂಥ ಮನುಷ್ಯ ಕಣಮ್ಮ. ಸತ್ತ ಹೆಂಡ್ತಿಗೆ ಕಿಟಕಿ ಸೀಟು! ನಮ್ಮನೆಯವರು ನಾನು ಬದುಕಿರೋವಾಗ್ಲೇ ಒಂದಿನಾನೂ ನನ್ನ ಬಿಸಿನೀರ ತೊಟ್ಟಿಗೆ ಮೊದ್ಲು ಇಳಿಯಕ್ಕೆ ಬಿಟ್ಟೋರಲ್ಲ. ಅವರು ಮಿಂದ ಕೊಳೆ ನೀರೇ ನಂಗೆ ಗತಿ."

"ಅಣ್ಣ ಅಲ್ಲ ಅಜ್ಜಿ. ನನ್ನ ಗಂಡ."

ಅಜ್ಜಿಯ ಬಾಯಿ ಅರ್ಧ ತೆರೆದೇ ಉಳಿಯಿತು. ಕಿತ್ತಳೆ ಸುಲಿಯುತ್ತಿದ್ದವಳು ಒಂದು ತೊಳೆ ನನ್ನ ಕೈಗಿಟ್ಟಳು.

"ಮತ್ತೆ ಇಲ್ಯಾಕೆ ಕೂತಿದ್ದೀಯೆ, ಮಂಕೇ?"

ತೊಳೆಯನ್ನು ಬಾಯಿಗೆ ಹಾಕಿಕೊಂಡೆ. ಇನ್ನೊಂದು ಸುರಂಗ ಕಳೆಯಿತು. ಬಲಗಡೆಯವರೆಲ್ಲ ಒಮ್ಮೆಗೇ "ಆಹಾ!" ಎಂದರು. ಮಗುವೊಂದು ಸೀಟಿನ ಮೇಲೆ ಎದ್ದು ನಿಂತಿತು.

ಟೊಕುಜಿ ಮಾತ್ರ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಚಾಪೆ ಹೊಲಿಯುವುದು ಅವರ ಕಸುಬು. ಯಾರದೋ ಮನೆಯ ಚಾಪೆ ಮುಗಿಸಿಕೊಡಬೇಕೆಂದು ನಸುಕಿಗೆ ಮುಂಚೆ ಎದ್ದು ಹೊಲಿದಿದ್ದರು. ಸೀಟಿನ ಮೇಲಿದ್ದ ಪೆಟ್ಟಿಗೆಯೋ ಕಿಟಕಿಯ ಎತ್ತರಕ್ಕೂ ಬರುತ್ತಿರಲಿಲ್ಲ. ಇಷ್ಟೆಲ್ಲ ಮಾಡಿ, ಅವಳಿಗೆ ಕಾಣುತ್ತಿದ್ದದ್ದು ಮುಂದಿನ ಸೀಟಿನ ಬೆನ್ನು.

ಎದ್ದೆ. ಅವರ ಮೊಣಕಾಲು ದಾಟಿಕೊಂಡು ಹೋಗಿ, ಪೆಟ್ಟಿಗೆ ಎತ್ತಿ, ಅವಳ ಸೀಟಿನಲ್ಲಿ ಕೂತು ಅವಳನ್ನು ತೊಡೆಯ ಮೇಲಿಟ್ಟುಕೊಂಡೆ. ಇಷ್ಟೇನಾ ನೀನು, ಅನ್ನಿಸಿತು.

"ನೋಡಕ್ಕ, ನೋಡ್ಕೋ" ಎಂದೆ ಪಿಸುದನಿಯಲ್ಲಿ. "ನನ್ನ ಮನೆ ತುಂಬಾ ನೀನೇ ಇದ್ದೀಯ. ಇದೊಂದ್ಯಾಕೆ ಬಾಕಿ?"

ಗಾಜಿಗೆ ಹತ್ತಿರ ಹಿಡಿದೆ. ಹಿಮ ಹೊದ್ದ ಬೆಟ್ಟ ಅಲುಗದೆ ನಿಂತಿತ್ತು. ಅದರ ಕೆಳಗಿನದೆಲ್ಲ ಓಡುತ್ತಿತ್ತು. ಗಂಡನನ್ನು ಎಬ್ಬಿಸಬಹುದಿತ್ತು. ಎಬ್ಬಿಸಲಿಲ್ಲ.

ಬೆಟ್ಟ ಹಿಂದಕ್ಕೆ ಸರಿದು ಚಹಾ ತೋಟಗಳು ಬಂದ ಮೇಲೆ ಅವರು ಬೆಚ್ಚಿ ಎದ್ದರು.

"ಫುಜಿ ಬಂತಾ?"

"ಹೋಯ್ತು."

"ಅಯ್ಯೋ, ಎಬ್ಬಿಸ್ಬಾರ್ದಿತ್ತೇನೆ? ಪಾಪ, ಶಿಗೆಯೊ..."

"ಅಕ್ಕ ನೋಡಿದ್ರು. ನಾನೇ ಎತ್ತಿ ತೋರ್ಸಿದೆ."

ಅವರು ನನ್ನ ತೊಡೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪೆಟ್ಟಿಗೆಯನ್ನು.

"ನನ್ನ ಬಿಟ್ಟು ನೀವಿಬ್ರೇ ನೋಡ್ಬಿಟ್ರಾ?"

ಆ ದನಿಯಲ್ಲಿದ್ದ ಉರಿ ನನಗೆ ಹೊಸದಲ್ಲ. ಆದರೆ ಇದುವರೆಗೆ ಅದು ನನ್ನೊಬ್ಬಳದೇ ಎಂದುಕೊಂಡಿದ್ದೆ. ಅವರು ಪೆಟ್ಟಿಗೆಗೆ ಕೈ ಚಾಚಿದರು.

"ಇರ್ಲಿ ಬಿಡಿ. ನನ್ನ ಹತ್ರಾನೇ ಇರ್ತಾರೆ."

ಆಚೆಯಿಂದ ಅಜ್ಜಿ ಕಿಸಕ್ಕೆಂದಳು. ಅವರು ಕೈ ಹಿಂದೆಗೆದುಕೊಂಡು, ಮಗುವಿನ ಹಾಗೆ ನನ್ನ ತೋಳು ಜಗ್ಗಿದರು.

"ಹೇಗಿತ್ತು? ಹೇಳೇ."

ನಾನು ಕಿಟಕಿಯ ಕಡೆ ತಿರುಗಿದೆ.

"ಅಕ್ಕನ್ನ ಕೇಳಿ."