ನೆರಳಿಗೆ ತಿರುಗಿಸಿದ ಆಕ್ಸಲ್

ನನ್ನ ಗಂಡ ರಾಘು ಕೆಟ್ಟವರಲ್ಲ. ಆದರೆ ಅವರ ಸ್ಕೂಟರಿನ ಹಿಂದೆ ಕೂತು ಬಿಳಗಿಯಿಂದ ಸಿದ್ದಾಪುರಕ್ಕೆ ಹೋಗಿಬರುವುದೆಂದರೆ ನನಗೆ ಅರ್ಧ ಆಯುಷ್ಯ ಕಳೆದ ಹಾಗೆ. ಹೊರಡುವ ಮೊದಲು “ಎಂತಕ್ಕೆ?” ಎನ್ನುತ್ತಾರೆ. ಹೊರಟ ಮೇಲೆ “ಬೇಗ ಮುಗೀತದಾ?” ಎನ್ನುತ್ತಾರೆ. ನಾನು ಬ್ಲೌಸ್ ಪೀಸಿನ ಬಣ್ಣ ನೋಡುತ್ತಿದ್ದರೆ ಅಂಗಡಿಯ ಹೊರಗೆ ನಿಂತು ಹಾರ್ನ್ ಹೊಡೆಯುತ್ತಾರೆ. ಆ ಸಿಟ್ಟಿಗೇ ನಾಲ್ಕು ವರ್ಷದ ಹಿಂದೆ ನಾನು ಡ್ರೈವಿಂಗ್ ಕಲಿತು, ನಾಲ್ಕು ಚಕ್ರವೂ ಎಳೆಯುವ ಹಳೆಯದೊಂದು ಫೋರ್ ವೀಲ್ ಪಿಕಪ್ ಕೊಂಡೆ. ಅಂದಿನಿಂದ ಎಲ್ಲಿಗೆ ಹೋಗುವುದಕ್ಕೂ ನಾನು ಯಾರನ್ನೂ ಕೇಳಿಲ್ಲ.

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮುಂದಿನ ಚಕ್ರಗಳ ಅಚ್ಚು, ಅಂದರೆ ಆಕ್ಸಲ್, ಕೈಕೊಟ್ಟಿತು. ನಮ್ಮ ಮನೆಯ ಕೊನೆಯ ಏರು ಹೇಗಿದೆಯೆಂದರೆ, ಹಿಂದಿನ ಚಕ್ರ ತಳ್ಳಿದರಷ್ಟೇ ಸಾಲದು, ಮುಂದಿನದೂ ಎಳೆಯಬೇಕು. ಅದು ಎಳೆಯುವುದನ್ನು ಬಿಟ್ಟ ಮೇಲೆ ಗಾಡಿ ಏರಿನ ಬುಡದಲ್ಲೇ ಹದಿನೈದು ದಿನ ನಿಂತಿತು. ಕೋಳಿಗಳು ಅದರೊಳಗೆ ಮೊಟ್ಟೆಯಿಟ್ಟವು. ಇವರು ನನಗೊಂದು ಮಾತೂ ಹೇಳದೆ ಯಲ್ಲಾಪುರದ ಗುಜರಿ ಜಾವೇದ್ ಅವರಿಗೆ ಫೋನ್ ಮಾಡಿಬಿಟ್ಟರು.

ಎರಡು ದಿನ ಜಗಳವಾಡಿದೆ. ಮೂರನೇ ದಿನ ಇವರು ಷರತ್ತು ಹಾಕಿದರು.

“ರಿಪೇರಿ ಮಾಡ್ಸು, ನಾ ಬೇಡ ಅನ್ನೂದಿಲ್ಲ. ಎಂಟು ಚೀಲ ಹಿಂಡಿ ಹೇರ್ಕಂಡು ಈ ಏರು ಹತ್ತಿದ್ರೆ ಗಾಡಿ ಇಲ್ಲೇ ಇರ್ಲಿ. ಹತ್ತದೇ ಇದ್ರೆ ಜಾವೇದ್ ಭಾಯ್ ಅಲ್ಲಿಂದ್ಲೇ ತಗಂಡು ಹೋಗ್ತಾರೆ. ನಿಂಗೆ ಸ್ಕೂಟರ್ ಇದ್ದೇ ಇದ್ಯಲ್ಲ!”

ಆ ಕೊನೆಯ ಮಾತಿಗೆ ನನ್ನ ಮೈಯೆಲ್ಲ ಉರಿಯಿತು.

ಮರುದಿನವೇ ಗಾಡಿಯನ್ನು ಹೇಗೋ ಶಿರಸಿಗೆ ಓಡಿಸಿಕೊಂಡು ಹೋದೆ. ಅಲ್ಲಿಯ ಇಸಾಕ್ ಸಾಬರು ಮೂವತ್ತೈದು ವರ್ಷದಿಂದ ಜೀಪು ಬಿಚ್ಚುತ್ತಿರುವವರು. ಕಣ್ಣು ಮುಚ್ಚಿಕೊಂಡೂ ಜೋಡಿಸಬಲ್ಲರು ಎಂಬುದು ಅವರ ಖ್ಯಾತಿ, ಅದನ್ನು ಹಬ್ಬಿಸಿದವರೂ ಅವರೇ. ಮುಂದಿನ ಎರಡು ಚಕ್ರಗಳ ನಡುವೆ ಕಬ್ಬಿಣದ ಕುಂಬಳಕಾಯಿಯಂಥದ್ದೊಂದು ಇರುತ್ತದೆ, ಅದೇ ಡಿಫರೆನ್ಷಿಯಲ್. ಸಾಬರು ಅದರ ಮುಚ್ಚಳ ತೆಗೆದರು. ಎಣ್ಣೆ ಬರಬೇಕಾದಲ್ಲಿ ಹಾಲು ಹಾಕಿದ ಚಹಾ ಸುರಿಯಿತು.

“ತಂಗಿ, ಇದ್ರಲ್ಲಿ ಹೊಳೆ ದಾಟಿದ್ಯಾ?”

“ಒಂದೇ ಸಲ, ಸಾಬ್ರೆ.”

“ದಾಟಿದ್ಯೋ, ಹೊಳೆಯಲ್ಲೇ ಸಂಸಾರ ಮಾಡಿದ್ಯೋ?”

ಒಳಗೆ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವಿತ್ತು. ಇಂಜಿನ್ನಿನ ತಿರುಗಾಟವನ್ನು ಚಕ್ರಗಳಿಗೆ ಮುಟ್ಟಿಸುವುದು ಅದೇ. ಅದರ ಹಲ್ಲುಗಳು ನಮ್ಮ ಅತ್ತೆಯ ಬಾಯಿಯ ಹಾಗೆ ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಬೇರಿಂಗುಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಹೊಸ ಕ್ರೌನ್ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು. ನಾನು ದಿನಾ ಶಿರಸಿಗೆ ಹೋಗಿ ಕೂತು, ಒಂದೊಂದೇ ಬೋಲ್ಟನ್ನು ಡೀಸೆಲ್ಲಿನಲ್ಲಿ ತೊಳೆದೆ.

ಮೂರನೇ ದಿನ ಮಧ್ಯಾಹ್ನ ಆಕ್ಸಲನ್ನು ಅಂಗಳದಲ್ಲಿ ಎರಡು ಹಳೇ ಟಯರುಗಳ ಮೇಲೆ ಇಟ್ಟುಕೊಂಡಿದ್ದೆವು. ಬಿಸಿಲು ನೆತ್ತಿಗೇರಿತು. ಗೋಡೆಯ ನೆರಳಿನಲ್ಲಿ ಕೂತು ಕೆಲಸ ಮಾಡೋಣವೆಂದು ಇಬ್ಬರೂ ಸೇರಿ ಆಕ್ಸಲನ್ನು ಪೂರ್ತಿ ತಿರುಗಿಸಿ ಇಟ್ಟೆವು. ಸಾಬರು ಕ್ರೌನ್ ಕೂರಿಸಿದರು. ನಾನು ಮಂಡಕ್ಕಿ ತಿನ್ನುತ್ತ ನನ್ನ ಗಂಡನ ಗುಣಗಾನ ಮಾಡಿದೆ. ಸಾಬರು ಪಾಪ, ಕೇಳುತ್ತ ಕೇಳುತ್ತ ಬೋಲ್ಟ್ ಬಿಗಿದರು.

ಸಂಜೆ ಪೇಟೆಯಲ್ಲಿ ಒಂದು ಸುತ್ತು ಹೊಡೆದೆವು. ಗಾಡಿ ಬೆಣ್ಣೆಯ ಹಾಗೆ ಓಡಿತು.

“ಫೋರ್ ವೀಲ್ ಹಾಕಿ ನೋಡೂದಾ?” ಎಂದೆ.

“ಟಾರಿನ ಮೇಲೆ ಹಾಕಬಾರ್ದು ತಂಗಿ, ಹೊಸ ಹಲ್ಲು ಹಾಳಾಗ್ತದೆ. ಏರಿನ ಬುಡದಲ್ಲೇ ಹಾಕು. ನಾಳೆ ನಾನೂ ಬರ್ತೇನೆ, ನಿಮ್ಮ ಯಜಮಾನ್ರ ಮುಖ ನೋಡ್ಬೇಕು.”

ಮರುದಿನ ಬೆಳಿಗ್ಗೆ ಎಂಟು ಚೀಲ ಹಿಂಡಿ ಹೇರಿಕೊಂಡು ಏರಿನ ಬುಡಕ್ಕೆ ಬಂದೆವು. ನಮ್ಮ ಹಿಂದೆಯೇ ಜಾವೇದ್ ಲಾರಿ ತಂದು ನಿಲ್ಲಿಸಿದ್ದರು. ಏರಿನ ತುದಿಯಲ್ಲಿ ಅತ್ತೆ ಸುಬ್ಬಿ ಒಂದು ಕಲ್ಲಿನ ಮೇಲೆ ಕೂತು ಕುಟ್ಟಿದ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಇವರು ರಸ್ತೆಯ ನಡುವೆ ನಿಂತು, ನನ್ನ ಸೋಲಿನ ವಿಡಿಯೋ ಮಾಡಲು ಮೊಬೈಲ್ ಎತ್ತಿ ಹಿಡಿದಿದ್ದರು.

ಫೋರ್ ವೀಲ್ ಹಾಕಿ, ಒಂದನೇ ಗೇರಿಗೆ ತಳ್ಳಿ, ಕ್ಲಚ್ ಬಿಟ್ಟೆ. ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನಿಂತಲ್ಲೇ ಗಡಗಡ ನಡುಗಿತು. ಹಿಂದಿನ ಚಕ್ರ ಮಣ್ಣನ್ನು ಹಿಂದಕ್ಕೆ ಎಸೆಯುತ್ತಿತ್ತು, ಮುಂದಿನದು ಮುಂದಕ್ಕೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ!” ಎಂದು ಮೇಲಿನಿಂದ ಇವರು ಕೂಗಿದರು.

ನಾನು ಸಿಟ್ಟಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಅಡಿಯಲ್ಲಿ ಢಣ್ ಎಂದಿತು. ನೋಡುತ್ತೇನೆ, ಒಂದನೇ ಗೇರಿನಲ್ಲಿರುವ ಗಾಡಿ ಹಿಂದಕ್ಕೆ ಹೊರಟಿದೆ! ಇನ್ನಷ್ಟು ಒತ್ತಿದೆ. ಇನ್ನಷ್ಟು ಜೋರಾಗಿ ಹಿಂದಕ್ಕೆ ಓಡಿತು. ಜಾವೇದ್ “ಯಾ ಅಲ್ಲಾ, ನನ್ನ ಲಾರಿ!” ಎಂದು ಕಿರುಚಿದಾಗ ಬ್ರೇಕ್ ನೆನಪಾಯಿತು.

ಸಾಬರು ಗಾಡಿಯಡಿ ನುಗ್ಗಿದರು. ಹೊರಗೆ ಬಂದಾಗ ಗಡ್ಡವೆಲ್ಲ ಕೆಂಪು ಮಣ್ಣು. ನೆಲದ ಮೇಲೇ ಕೂತು ಹಣೆ ಚಚ್ಚಿಕೊಂಡರು.

“ತಂಗಿ, ನೆರಳಿಗೆ ಅಂತ ಆಕ್ಸಲ್ ತಿರುಗಿಸಿದ್ವಲ್ಲ, ಆಗ ಎಡ ಹೋಗಿ ಬಲ ಆಗಿತ್ತು. ನಾನು ಅಭ್ಯಾಸಬಲದಲ್ಲಿ ಎಡಗೈ ಬದಿಗೇ ಕ್ರೌನ್ ಕೂರಿಸ್ಬಿಟ್ಟೆ. ಮುಂದಿನ ಚಕ್ರ ಉಲ್ಟಾ ತಿರುಗ್ತಿದೆ. ಅದ್ರ ಜೊತೆ ಜಗ್ಗಾಡಿ ಹಿಂದಿನ ಚಕ್ರ ತಿರುಗಿಸೋ ಶಾಫ್ಟ್ ತುಂಡಾಯ್ತು. ಈಗ ಇರೋದು ಮುಂದಿನದೊಂದೇ.”

ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು. ಮೇಲಿನಿಂದ ಇವರು “ಜಾವೇದ್ ಭಾಯ್, ಹಗ್ಗ ತೆಗೀರಿ!” ಎಂದರು. ಅದನ್ನು ಕೇಳಿದ್ದೇ ನನ್ನ ಅಳು ಆರಿಹೋಯಿತು.

“ಸಾಬ್ರೆ, ಮುಂದಿನ ಗೇರ್ ಹಾಕಿದ್ರೆ ಗಾಡಿ ಹಿಂದೆ ಹೋಗ್ತದೆ. ಹಂಗಾರೆ ರಿವರ್ಸ್ ಹಾಕಿದ್ರೆ?”

ಸಾಬರು ಹಣೆಯಿಂದ ಕೈ ತೆಗೆದರು. “ಹಾಕು!”

ಹಾಕಿದೆ. ಗಾಡಿ ಮುಂದಕ್ಕೆ ಮಿಸುಕಿತು, ಆದರೆ ಮೂತಿಯ ಮೇಲೆ ಭಾರವಿಲ್ಲದೆ ಚಕ್ರ ಜಾರಿತು. ಸಾಬರು ಬಾನೆಟ್ ಹತ್ತಿ ಕೂತರು, ಸಾಲಲಿಲ್ಲ. ಜಾವೇದರನ್ನು ಕರೆದರು. ಜಾವೇದ್ ಒಂದು ಕ್ವಿಂಟಲಿನ ಆಸಾಮಿ.

“ನಾನು ಇದನ್ನ ಒಯ್ಯಲಿಕ್ಕೆ ಬಂದವ್ನು, ಚಾಚಾ!”

“ಒಯ್ಯುವಂತೆ. ಮೊದ್ಲು ಕೂತ್ಕೊ.”

ಹಿರಿಯರ ಮಾತು ಮೀರಲಾರದೆ ಜಾವೇದ್ ಕೂತರು. ಚಕ್ರ ನೆಲ ಕಚ್ಚಿತು. ಹಿಂಡಿ ಚೀಲ, ಮೆಕ್ಯಾನಿಕ್, ಗುಜರಿಯವರು ಎಲ್ಲರನ್ನೂ ಹೊತ್ತು ಗಾಡಿ ಏರು ಹತ್ತತೊಡಗಿತು. ರಿವರ್ಸ್ ಗೇರ್ ಆದ್ದರಿಂದ ರಿವರ್ಸ್ ಹಾರ್ನ್ ಬೇರೆ ಟೊಂಯ್ ಟೊಂಯ್ ಎಂದು ರಾಗವಾಗಿ ಹಾಡುತ್ತಿತ್ತು. ಆ ರಾಗ ಕೇಳಿದರೆ ಗಾಡಿ ಹಿಂದೆ ಹೋಗುತ್ತದೆಂದು ಊರಿನ ನಾಯಿಗೂ ಗೊತ್ತು. ಇವರೂ ಹಾಗೇ ನಂಬಿ ನಿಶ್ಚಿಂತೆಯಿಂದ ನಿಂತಿದ್ದರು. ಕಿವಿ ಒಂದು ಹೇಳುತ್ತಿತ್ತು, ಕಣ್ಣು ಇನ್ನೊಂದು ಹೇಳುತ್ತಿತ್ತು. ಬಾನೆಟ್ ಮೇಲಿನ ಜಾವೇದರ ಹೊಟ್ಟೆ ಮೂಗಿನ ಹತ್ತಿರ ಬಂದ ಮೇಲೆ ಕಣ್ಣನ್ನು ನಂಬಿದರು, ಬೇಲಿಗೆ ಹಾರಿದರು.

ಅಂಗಳದಲ್ಲಿ ಗಾಡಿ ನಿಲ್ಲಿಸಿದೆ. ಇವರು ಮೈಯೆಲ್ಲ ಮುಳ್ಳು ಮಾಡಿಕೊಂಡು ಓಡಿಬಂದರು.

“ಇದು ನಡೆಯೂದಿಲ್ಲ! ರಿವರ್ಸಲ್ಲಿ ಬಂದದ್ದು! ಜಾವೇದ್ ಭಾಯ್, ತಗಂಡು ಹೋಗಿ!”

ಜಾವೇದ್ ಬಾನೆಟ್ಟಿನಿಂದ ಇಳಿಯಲಾಗದೆ ಒದ್ದಾಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕವಳ ಉಗಿದು ಎದ್ದರು. ಎಡಬದಿಯ ಬಾಗಿಲು ತೆಗೆದು, ಸೀರೆ ಎತ್ತಿ ಕಟ್ಟಿ, ಮೂರು ಸಲ ಪ್ರಯತ್ನ ಮಾಡಿ ನನ್ನ ಪಕ್ಕದ ಸೀಟು ಹತ್ತಿ ಕೂತರು.

“ಜಾವೇದ್, ಒಯ್ಯೂದಿದ್ರೆ ನನ್ನನ್ನೂ ಸೇರ್ಸಿ ತೂಗು ಮಾರಾಯ.”

“ಅಬ್ಬೇ, ಎಂತ ನಿಂದು?” ಎಂದು ತಾಯಿಯನ್ನು ಕೇಳಿದರು ಇವರು.

“ಹೆಗ್ಗರಣೆಲಿ ನನ್ನ ತಂಗಿ ಹೊನ್ನಿ ಹಾಸಿಗೆ ಹಿಡಿದಾಳೆ. ಆರು ವರ್ಷ ಆತು ಅವಳ ಮುಖ ನೋಡಿ. ನಿನ್ನ ಕೇಳ್ದಾಗೆಲ್ಲ, ಸ್ಕೂಟರಲ್ಲಿ ನಿಂಗೆ ಕೂರೂಕಾಗೂದಿಲ್ಲ ಅಂದೆ. ಇದ್ರಲ್ಲಿ ಕೂರೂಕಾಗ್ತದೆ, ನೋಡು.”

ನಾಲ್ಕು ವರ್ಷದಿಂದ ಗಾಡಿ ಅಂಗಳದಲ್ಲೇ ಇದ್ದರೂ ಒಮ್ಮೆಯೂ ಅತ್ತೆಯನ್ನು ಬರುತ್ತೀರಾ ಎಂದು ಕೇಳಿರಲಿಲ್ಲ ನಾನು. ನನಗೆ ತುಂಬ ನಾಚಿಕೆಯಾಯಿತು.

“ಎರಡು ದಿನ ಕೊಡಿ ಅಮ್ಮಾ, ಇಲ್ಲೇ ಕೂತು ಸರಿ ಮಾಡ್ತೇನೆ. ಈಗ ಇಳೀರಿ,” ಎಂದರು ಸಾಬರು.

“ಇಳಿದ್ರೆ ಒಯ್ದುಬಿಡ್ತಾರೆ,” ಎಂದರು ಅತ್ತೆ.

ಮಧ್ಯಾಹ್ನದ ಊಟಕ್ಕೂ ಅವರು ಇಳಿಯಲಿಲ್ಲ. ಗಾಡಿಯ ಕಿಟಕಿಗೆ ತಟ್ಟೆ ತಂದುಕೊಟ್ಟವರು ರಾಘು.