ಅಜ್ಜಿಯ ಬಲಗೈ ಕಡೆಯ ಗೂಡು

ಏಳು ಕೆರೆಗಳಾಚೆ, ಎಂಟನೆಯ ಕೆರೆಯ ಕಟ್ಟೆ ಕೆಳಗೆ, ಕತ್ತಲೆಗೆ ಹೆದರುವ ಒಬ್ಬ ಮುದುಕಿ ಇದ್ದಳಂತೆ. ಹಗಲೆಲ್ಲ ರಾಕ್ಷಸರನ್ನು ಬಾಯಲ್ಲೇ ಕುಣಿಸುತ್ತಿದ್ದವಳು, ಹೊತ್ತು ಮುಳುಗಿದರೆ ಮೊಮ್ಮಗಳ ಲಂಗ ಹಿಡಿದು ದೀಪ ಹಚ್ಚೇ ತಾಯಿ ಅನ್ನುತ್ತಿದ್ದಳಂತೆ. ಒಂದು ದಿನ ಆ ಮೊಮ್ಮಗಳಿಂದ ಮಾತು ತೆಗೆದುಕೊಂಡಳಂತೆ: ನಾನು ಮಣ್ಣಿಗೆ ಹೋದ ಮೇಲೆ, ಗಾಳಿಗೆ ಆರದ ಹಾಗೆ ಒಂದು ದೀಪದ ಗೂಡು ಮಾಡಿಸಬೇಕು.

ಕಥೆಯಾಗಿದ್ದರೆ ಒಂದು ಗುಬ್ಬಿಯೋ ಇರುವೆಯೋ ಬಂದು ಕೆಲಸ ಮಾಡಿಕೊಡುತ್ತಿತ್ತು. ಆದರೆ ಆ ಮುದುಕಿ ನನ್ನ ಅಜ್ಜಿ ಅಕ್ಕಯ್ಯಮ್ಮ. ಮೊಮ್ಮಗಳು ನಾನು, ಶಿರೀಷಾ. ಕುಡುಮಲಕುಂಟೆಯ ಒಂದು ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಬಿಲ್ಲು ಬರೆಯುವವಳು. ನನಗೆ ಸಿಕ್ಕಿದ್ದು ಒಂದು ಕಂಪ್ಯೂಟರು.

ಅಜ್ಜಿಯನ್ನು ಪೆರೇಸಂದ್ರದ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದೆವು. ನಮ್ಮ ಮನೆಯಲ್ಲಿ ತೆಂಕಲಿಗೆ ತಲೆಯಿಟ್ಟು ಅಂಗಾತ ಮಲಗಿಸುತ್ತಾರೆ. ವರ್ಷದ ತಿಥಿಯ ದಿನ ಮೇಲೊಂದು ಕಲ್ಲು ಕೂರಿಸಿ, ಸತ್ತವರ ಬಲಗೈ ಕಡೆಗೆ ಬಾಯಿರುವ ಗೂಡಿನಲ್ಲಿ ದೀಪ ಇಡುತ್ತಾರೆ. ಆ ಕಡೆ ಮೂಡಲು. ಹೊಲದಲ್ಲಿ ಗಾಳಿ ನುಗ್ಗುವುದು ಪಡುವಲಿಂದ.

ದೊಡ್ಡಪ್ಪ ಮುನಿಶಾಮಪ್ಪನಿಗೆ ಇದೆಲ್ಲ ರಗಳೆ. “ಏಮಮ್ಮಾ, ಹೈವೇ ಪಕ್ಕ ಸಿಮೆಂಟಿಂದು ರೆಡಿಮೇಡ್ ಇಟ್ಟಿರ್ತಾರೆ, ತಂದು ಕೂರ್ಸಣ. ನಮ್ಮಮ್ಮ ಏನು ಎದ್ದು ಬಂದು ನೋಡ್ತಾಳಾ?”

“ಅದ್ರಲ್ಲಿ ದೀಪ ನಿಲ್ಲಲ್ಲ ದೊಡ್ಡಪ್ಪ. ಪಕ್ಕದ ಹೊಲದ್ದು ನೋಡಿ, ಬರೀ ಮಸಿ. ಅಜ್ಜಿ ಅದನ್ನ ನೋಡೇ ನನ್ನ ಕೈಲಿ ಮಾತು ತಗೊಂಡಿದ್ದು.”

“ತಿಥಿ ಸೋಮವಾರ. ಶನಿವಾರ ಸಾಯಂಕಾಲಕ್ಕೆ ಕಲ್ಲು ಹೊಲದಲ್ಲಿರ್ಬೇಕು. ಇಲ್ದಿದ್ರೆ ಸಿಮೆಂಟೇ.”

ಕಲ್ಲು ಇತ್ತು; ಹಳೇ ಕೊಟ್ಟಿಗೆ ಕೆಡವಿದಾಗ ಉಳಿದದ್ದು, ದಪ್ಪನೆಯದು, ಒಂದೇ ಒಂದು. ಅದನ್ನು ಕಾರ್ಖಾನೆಗೆ ಸಾಗಿಸಿಯೂ ಆಗಿತ್ತು. ಕೊಯ್ಯುವ ಮಿಷನ್ನು ನೋಡಿಕೊಳ್ಳುವ ಗಂಗಾಧರ್ ಒಪ್ಪಿದ್ದ. ಆದರೆ ಡ್ರಾಯಿಂಗ್ ಹಾಕುವವನು ಕೆಲಸ ಬಿಟ್ಟು ಹೋಗಿದ್ದ.

“ನಾನು ಕೊಯ್ಯೋನು, ಬರೆಯೋನಲ್ಲ,” ಅಂದ ಗಂಗಾಧರ್. “ಶನಿವಾರ ಬೆಳಿಗ್ಗೆ ಮಿಷನ್ ಖಾಲಿ. ನೀನೇ ಕಲ್ತು ಫೈಲ್ ಕೊಡು. ತಪ್ಪು ಬರೆದ್ರೆ ತಪ್ಪೇ ಕೊಯ್ಯುತ್ತೆ ಕಣಮ್ಮ, ಅದಕ್ಕೇನು ನಿಮ್ಮಜ್ಜಿ ಪರಿಚಯಾನಾ?”

ಊಟದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಡ್ರಾಯಿಂಗಿನ ಪ್ರೋಗ್ರಾಮು ತೆರೆದರೆ ಬರೀ ಬೂದು ಬಣ್ಣ. ನೆಲವೂ ಇಲ್ಲ, ಆಕಾಶವೂ ಇಲ್ಲ. ಫೋನಿನ ವಿಡಿಯೋದಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಬಡಬಡನೆ ಹೇಳುತ್ತಿದ್ದ. ಅವನು ಒತ್ತುವ ಗುಂಡಿ ನಮ್ಮ ಪರದೆಯ ಮೇಲೆ ಇರುತ್ತಲೇ ಇರಲಿಲ್ಲ. ಗೂಡಿಗೆ ಒಂಬತ್ತು ಅಂತ ಒತ್ತಿದೆ. ಅದು ಇಂಚು ಬಿಟ್ಟು ಮಿಲಿಮೀಟರು ಹಿಡಿದು, ಇರುವೆ ದೀಪ ಇಡುವಷ್ಟು ತೂತು ಮಾಡಿತು. ಇನ್ನೊಂದು ದಿನ ಮೌಸಿನ ಗಾಲಿ ತಿರುಗಿಸಿದೆ, ಕಲ್ಲೇ ಮಾಯ. ಹುಡುಕಿ ಹುಡುಕಿ ಡಬ್ಬಿಯ ಅನ್ನ ತಣ್ಣಗಾಯಿತು. ಆಮೇಲೆ ತಿಳಿಯಿತು, ಕಲ್ಲು ಎಲ್ಲೂ ಹೋಗಿರಲಿಲ್ಲ. ನಾನೇ ಅದರ ಒಳಗಿದ್ದೆ.

ಗೂಡಿನ ಕಮಾನು ಗೋಡೆಗೆ ಕೂಡಲೊಲ್ಲದು. ಕಣ್ಣಿಗೆ ಕೂಡಿದಂತೆ ಕಂಡರೂ ಕೆಂಪು ಅಕ್ಷರದಲ್ಲಿ ಎರರ್. ನನಗೆ ತಡೆಯಲಾಗಲಿಲ್ಲ.

“ಅಳ್ತಿದ್ದೀಯಾ?” ಬಾಗಿಲಲ್ಲಿ ಗಂಗಾಧರ್. “ಕೀಬೋರ್ಡ್ ಮೇಲೆ ಬೇಡ ತಾಯಿ, ಶಾರ್ಟ್ ಆಗುತ್ತೆ.”

ಗುರುವಾರ ಹೇಗೋ ಮುಗಿಯಿತು. ಗೂಡು, ಎಣ್ಣೆ ಹೊರಗೆ ಚೆಲ್ಲದಂತೆ ಒಳಕ್ಕೆ ಇಳಿಜಾರು, ತಲೆಯ ಕಡೆ ದುಂಡು, ಮೇಲೆ ಅಜ್ಜಿಯ ಹೆಸರು. ಎಲ್ಲವನ್ನೂ ಗೂಡಿನಿಂದಲೇ ಅಳೆದು ಇಟ್ಟಿದ್ದೆ, ನನಗೆ ಬೇಕಾದದ್ದು ಅದೇ ತಾನೇ.

ಸಂಜೆ ಮನೆಯಲ್ಲಿ ದೊಡ್ಡಮ್ಮ ಶ್ಯಾಮಲಮ್ಮನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ದೊಡ್ಡಮ್ಮ ಸೊಪ್ಪು ಬಿಡಿಸುತ್ತಲೇ ಕಣ್ಣು ಕಿರಿದು ಮಾಡಿದಳು. “ಚೆನ್ನಾಗೈತೆ ಕಣೇ. ಇದ್ರಲ್ಲಿ ಅತ್ತೆ ತಲೆ ಯಾವ ಕಡೆ?”

“ಮೇಲೆ. ಬಲಗೈ ಕಡೆ ಗೂಡು.”

“ಯಾರ ಬಲಗೈ?”

ಹಜಾರದಲ್ಲಿ ತೆಂಕಲಿಗೆ ತಲೆಯಿಟ್ಟು ಅಂಗಾತ ಮಲಗಿದೆ. ಬಲಗೈ ಚಾಚಿದರೆ ಮೂಡಲ ಬಾಗಿಲ ಹೊಸ್ತಿಲು ಸಿಕ್ಕಿತು. ತಲೆ ಮೇಲಿಟ್ಟು ಬರೆದರೆ ಆ ಕೈ ಪರದೆಯ ಎಡಕ್ಕೆ ಬರಬೇಕಿತ್ತು. ನಾನು ಪರದೆಯ ಮುಂದೆ ಕೂತು, ನನ್ನ ಬಲಗೈ ಕಡೆಗೆ ಗೂಡು ಬರೆದಿದ್ದೆ. ಪಡುವಲಿಗೆ. ಗಾಳಿಯ ಬಾಯಿಗೇ.

“ಏಳೇ, ಹಂಗೆಲ್ಲ ಮಲಗ್ಬಾರ್ದು,” ಅಂದಳು ದೊಡ್ಡಮ್ಮ. ಏಳುವುದಕ್ಕೆ ಮನಸ್ಸೇ ಬರಲಿಲ್ಲ.

ಶುಕ್ರವಾರ ಕನ್ನಡಿಯಂತೆ ತಿರುಗಿಸುವ ಕಮಾಂಡ್ ಹುಡುಕಿ ಒತ್ತಿದೆ. ಗೂಡು ಸರಿಯಾದ ಕಡೆ ಬಂತು. ಜೊತೆಗೆ ಅಕ್ಕಯ್ಯಮ್ಮ ಎಂಬ ಹೆಸರು ಉಲ್ಟಾ ಆಯಿತು. ಯಾವ ಲೋಕದ್ದೋ ಲಿಪಿಯ ಹಾಗೆ. ಹಿಂದಕ್ಕೆ ತಂದು, ಗೂಡೊಂದನ್ನೇ ಅಳಿಸೋಣವೆಂದರೆ, ಅದಕ್ಕೆ ನೇತುಬಿದ್ದಿದ್ದ ಇಳಿಜಾರು, ದುಂಡು, ಹೆಸರು ಎಲ್ಲವೂ ಒಂದರ ಹಿಂದೊಂದು ಕೆಂಪಾಗಿ ಹೊರಟುಹೋದವು. ಉಳಿದದ್ದು ಬೂದು ಬಣ್ಣ.

ದೊಡ್ಡಪ್ಪನಿಗೆ ಫೋನ್ ಮಾಡಿದೆ. “ನನ್ ಕೈಲಿ ಆಗಲ್ಲ ದೊಡ್ಡಪ್ಪ. ಸಿಮೆಂಟಿಂದೇ ತಂದ್ಬಿಡಿ.”

ದೊಡ್ಡಪ್ಪ ಟ್ರ್ಯಾಕ್ಟರ್ ಆಫ್ ಮಾಡಿದರು. “ಬುಧವಾರಾನೇ ತಂದೆ ಬಿಡಮ್ಮ. ಪಂಪ್‌ಸೆಟ್ ಮನೇಲಿ ಇಟ್ಟಿದೀನಿ. ನೀನು ಬೇಜಾರ್ ಮಾಡ್ಕೋತೀಯ ಅಂತ ಹೇಳ್ಲಿಲ್ಲ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಬುಧವಾರ ನಾನಿನ್ನೂ ಆ ಕಮಾನಿನ ಜೊತೆ ಗುದ್ದಾಡುತ್ತಿದ್ದೆ; ಆಗಲೇ ಆ ಸಿಮೆಂಟು ಬಂದು ಕೂತಿತ್ತು. ನಾನು ಮಾಡಿ ಮುಗಿಸುತ್ತೇನೆಂದು ನಂಬಿದ್ದವಳು ಒಬ್ಬಳೇ, ಅವಳು ಮಣ್ಣಿನಲ್ಲಿದ್ದಳು.

ಬಿಲ್ಲುಗಳನ್ನು ಪಕ್ಕಕ್ಕೆ ತಳ್ಳಿ ಮತ್ತೆ ಮೊದಲಿಂದ ಕೂತೆ. ಧೈರ್ಯಕ್ಕೆ ಅಜ್ಜಿಯ ಕಥೆಯೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ನೋಡಿದೆ. ರಾಜಕುಮಾರಿ ಬಾವಿಗೆ ಇಳಿದಳು, ಆಮೇಲೆ? ನೆನಪಾಗಲಿಲ್ಲ. ಅಜ್ಜಿಯ ದನಿ ಹೇಗಿತ್ತೆಂಬುದೂ ಬರಲಿಲ್ಲ. ಈ ಸಲ ಕಲ್ಲಿನ ಮೂಲೆಯಿಂದ ಅಳೆದೆ. ಗೆರೆ ಕೂಡಿತೋ ಇಲ್ಲವೋ ಎಂದು ಪ್ರತಿ ತುದಿಗೂ ಹತ್ತಿರ ಹೋಗಿ ನೋಡಿದೆ. ಗೂಡು ಎಡಕ್ಕೆ. ಮನೆಗೆ ಹೋಗುವ ಬಸ್ಸಿಗೆ ಮುಂಚೆ ಫೈಲು ಸೇವ್ ಆಯಿತು. ಖುಷಿ ಆಗಲಿಲ್ಲ, ಬೆನ್ನು ನೋಯುತ್ತಿತ್ತು.

ಶನಿವಾರ ಗಂಗಾಧರ್ ಮೊದಲು ಹೆಸರು ಕೊಯ್ದ. ಆಮೇಲೆ ಕಲ್ಲನ್ನು ಪಕ್ಕಕ್ಕೆ ಹೊರಳಿಸಿದ. “ಕೊನೇ ಸಲ ಕೇಳ್ತೀನಿ. ಈ ಪಕ್ಕಾನೇ ತಾನೇ?”

ಮನಸ್ಸಿನಲ್ಲೇ ಕಲ್ಲಿನ ದುಂಡು ತುದಿಗೆ ಅಜ್ಜಿಯ ತಲೆ ಇಟ್ಟು ನೋಡಿದೆ. ಅವಳ ಕೈ ಚಾಚಿಸಿದೆ. “ಈ ಪಕ್ಕಾನೇ.”

ಮಿಷನ್ನು ಕಿರುಚಿತು. ಬಿಳಿ ಕೆಸರು ನೀರು ಅವನ ಬೂಟಿನ ಮೇಲೆಲ್ಲ ಹರಿಯಿತು. ಎಲ್ಲಿ ಬಿರುಕು ಬಿಡುತ್ತದೋ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಆ ಒಂದು ವರ್ಷ ಅಜ್ಜಿ ನನ್ನಿಂದ ಏನನ್ನೋ ಕೇಳುತ್ತಲೇ ಇದ್ದಳು. ಸದ್ದು ನಿಂತಾಗ ಆ ಕೇಳುವುದೂ ನಿಂತಿತು.

“ಆಯ್ತಮ್ಮ,” ಅಂದ ಗಂಗಾಧರ್. ಇಬ್ಬರು ಆಳುಗಳು ಕಲ್ಲನ್ನು ಮತ್ತೆ ಹೆಸರು ಮೇಲೆ ಬರುವಂತೆ ಕೂರಿಸಿದರು. ನಾನು ಬಗ್ಗಿ ಗೂಡಿನೊಳಗೆ ಒಂದು ಲೋಟ ನೀರು ಹೊಯ್ದೆ. ಅದು ಒಳಕ್ಕೆ ಸರಿದು, ಹಿಂಬದಿಯ ಗೋಡೆಗೆ ತಾಗಿ, ಒಂದು ಹನಿಯೂ ಆಚೆ ಬರದೆ ನಿಂತಿತು.